ಎಲ್ಲಾ ಅಣ್ಣಂದೇ

ತಿಪಟೂರಿನಲ್ಲಿ ನಮ್ಮ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿಗೆ ಅರವತ್ತು ದಾಟಿದ ಮೇಲೆ ರಕ್ತದ ಕ್ಯಾನ್ಸರ್ ಬಂತು. ಈ ವಯಸ್ಸಿಗೆ ಕಷ್ಟ ಅನ್ನುತ್ತಲೇ ಬೆಂಗಳೂರಿನ ಡಾಕ್ಟರು ಇವರ ಅಣ್ಣನ ಮೈಯಿಂದ ರಕ್ತ ಹುಟ್ಟಿಸುವ ಕಾಂಡಕೋಶ ತೆಗೆದು ಇವರಿಗೆ ಹಾಕಿದರು. ಇನ್ನು ಇವರ ಮೈಯಲ್ಲಿ ಹುಟ್ಟುವ ರಕ್ತವೆಲ್ಲ ಅಣ್ಣನದೇ ಅಂದರು.

ಬೋಳುತಲೆಯಲ್ಲಿ ಊರಿಗೆ ಬಂದಾಗ ಬೀದಿಯವರು ಸಾವಾಗಿದೆ ಅಂದುಕೊಂಡು, "ಯಾರು ಹೋದ್ರು?" ಅಂತ ಕೇಳಿದರು.

"ನಾನೇ ಹೊರಟಿದ್ದೆ. ಅಣ್ಣ ವಾಪಸ್ ಕಳಿಸ್ದ."

ಆಮೇಲೆ ಹಮಾಲಿಗಳ ಮೇಲೆ ರೇಗಿದರೂ, ಇನ್ನೊಂದು ಮುದ್ದೆ ಹಾಕಿಸಿಕೊಂಡರೂ ಅದೇ ಮಾತು: "ನಂದೇನಿಲ್ಲ ಕಣಪ್ಪ, ಎಲ್ಲಾ ಅಣ್ಣಂದೇ."

ಕೆಲವು ವರ್ಷಗಳಾದ ಮೇಲೆ ಅಣ್ಣ ತೀರಿಕೊಂಡರು. ತಮ್ಮನ ತಲೆ ಬೋಳಿಸಲು ಕ್ಷೌರದವನು ಬಂದ. ಇವರು ತಮ್ಮದೇ ನಾಡಿ ಹಿಡಿದುಕೊಂಡು ಕೂತಿದ್ದರು.

"ಬುಡಪ್ಪ," ಅಂದರು. "ಅಣ್ಣ ಇನ್ನೂ ಪೂರ್ತಿ ಹೋಗಿಲ್ಲ."