ಅಂಗೈ ಮೇಲೆ ನಿಂತ ಕಾಯಿ

ಇಂಥವನ್ನೆಲ್ಲ ನಾನು ನಂಬುವವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರದ ಮನೆಯಲ್ಲಿ ಹುಟ್ಟಿದವನು ನಾನು. ಮಂಡಿಯ ಕಾಯಿ ರಾಶಿಗೆ ಒರಗಿ ಪರೀಕ್ಷೆಗೆ ಓದಿದ್ದೇನೆ. ಕಾಯಿಯನ್ನು ಕಿವಿಯ ಹತ್ತಿರ ಕುಲುಕಿ ಒಳಗೆ ನೀರು ಎಷ್ಟಿದೆಯೆಂದು ಹೇಳಬಲ್ಲೆ. ನನ್ನ ಕೈಯಲ್ಲಿ ಹಾದುಹೋದ ಸಾವಿರಾರು ಕಾಯಿಗಳಲ್ಲಿ ಒಂದಾದರೂ ತಾನು ಕಾಯಿಗಿಂತ ಹೆಚ್ಚಿನದೆಂದು ತೋರಿಸಿಕೊಂಡಿರಲಿಲ್ಲ. ಮೇಲಾಗಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಂಗೈಯಲ್ಲಿ ಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆದರೆ, ನೆಲದಡಿ ನೀರಿರುವ ಕಡೆ ಅದು ತಾನಾಗಿ ಎದ್ದು ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ಗುರುತ್ವ ಕೇಂದ್ರದ ಪಾಠ ಶುರುಮಾಡುತ್ತಿದ್ದೆ.

ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಈ ಸಂಗತಿಯನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಹೇಳಿದ ಪ್ರತಿ ಸಲವೂ ಅದು ಇನ್ನಷ್ಟು ನಯವಾಗಿದೆ. ಅದರಲ್ಲಿ ಒಂದು ಭಾಗವನ್ನು ಮಾತ್ರ ಇಬ್ಬರ ಹೊರತು ಯಾರಿಗೂ ಹೇಳಿಲ್ಲ. ಈಗ ಅದನ್ನೂ ಸೇರಿಸಿ ಬರೆಯುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇನೆ.

ಐವತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆ. ಬೇರೆ ಬೇರೆ ದೇಶದ ಎಳೆಯರು ರಜೆಯಲ್ಲಿ ಬಂದು ಹಳ್ಳಿಗಳಲ್ಲಿ ಕೈಯಾರೆ ಕೆಲಸ ಮಾಡಿಕೊಡುವ ಶಿಬಿರಗಳು ಆಗ ನಡೆಯುತ್ತಿದ್ದವು. ಹಗರೆಯಿಂದ ಎರಡು ಮೈಲಿ ಒಳಗಿನ ಒಂದು ಹಳ್ಳಿಗೆ ಅಂಥ ಹತ್ತು ಜನ ಬಂದರು. ಅಲ್ಲಿ ಹೊಸದಾಗಿ ಕಟ್ಟಿದ ಶಾಲೆಗೆ ನೀರಿರಲಿಲ್ಲ. ಹೆಂಗಸರು ಮುಕ್ಕಾಲು ಮೈಲಿ ದೂರದ ಕಟ್ಟೆಯಿಂದ ಹೊತ್ತು ತರಬೇಕಾಗಿತ್ತು. ಶಾಲೆಯ ಬಯಲಿನಲ್ಲಿ ಬಾವಿ ತೋಡುವುದು ಶಿಬಿರದ ಕೆಲಸ. ಅವರ ಇಂಗ್ಲಿಷನ್ನು ಹಳ್ಳಿಗೆ, ಹಳ್ಳಿಯ ಮಾತನ್ನು ಅವರಿಗೆ ದಾಟಿಸುವುದು ನನ್ನ ಕೆಲಸ.

ಶಿಬಿರದ ಮುಖ್ಯಸ್ಥೆ ಇಂಗಾ ಎಂಬ ಇಪ್ಪತ್ತೆರಡು ವರ್ಷದ ಹುಡುಗಿ. ನಾರ್ವೆ ದೇಶದ ರೈತರ ಮನೆಯವಳು. ಊರಿಗೆ ಹೋಗಿ ಶಾಲೆಯಲ್ಲಿ ಪಾಠ ಹೇಳುವ ಮೊದಲು ಒಂದು ಬೇಸಿಗೆ ಪರದೇಶದಲ್ಲಿ ದುಡಿಯಬೇಕು, ಅಲ್ಲಿನವರು ಬದುಕುವುದು ಹೇಗೆಂದು ನೋಡಬೇಕು ಎಂದುಕೊಂಡು ಬಂದಿದ್ದಳು. ಪುಟ್ಟಮ್ಮ ಎಂಬಾಕೆಯ ಮನೆಯಲ್ಲಿ ಅವಳ ವಾಸ. ಪುಟ್ಟಮ್ಮ ಅವಳಿಗೆ ಸೀರೆ ಉಡಿಸಿದಳು, ಹಟ್ಟಿ ಸಾರಿಸಲು ಕಲಿಸಿದಳು, ಇಂಗಮ್ಮ ಎಂದು ಹೆಸರಿಟ್ಟಳು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದವನು ನಾನು. ಮೊದಲ ದಿನ ಅವಳು ಹದಿನೈದು ನಿಮಿಷ ಅಗಿದಳು. "ಅಯ್ಯೋ, ದನ ಮೆಲುಕು ಹಾಕ್ದಂಗೆ ಹಾಕ್ತೈತಲ್ಲ ಈ ಮಗ" ಎಂದು ಪುಟ್ಟಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಒಂದು ಭಾನುವಾರ ಬಸ್ಸಿನಲ್ಲಿ ಹಳೇಬೀಡಿಗೆ ಕರೆದುಕೊಂಡು ಹೋದೆ. ದೇವಸ್ಥಾನವನ್ನು ಶ್ರದ್ಧೆಯಿಂದ ಸುತ್ತಿದಳು. ಆಮೇಲೆ ಹೊರಗೆ ಬಂದು ಕೆರೆಯ ಏರಿಯ ಮೇಲೆ ಎರಡು ಗಂಟೆ ಕೂತಳು. ಇಷ್ಟು ನೀರನ್ನು ಇಷ್ಟು ಕಾಲ ಕಾಪಾಡಿದವರ ಮಕ್ಕಳು ಕೆಲವೇ ಮೈಲಿ ಆಚೆ ಕೊಡ ಹೊತ್ತು ನಡೆಯುತ್ತಾರಲ್ಲ ಎಂದಳು. ನನಗೆ ಆವರೆಗೆ ಹಾಗೆ ತೋಚಿರಲಿಲ್ಲ.

ತೋಡುವ ಜಾಗವನ್ನು ನಕ್ಷೆ ನೋಡಿ ಯಾರೋ ಗುರುತು ಹಾಕಿಕೊಟ್ಟಿದ್ದರು. ಗುದ್ದಲಿ ಹಾಕುವ ಬೆಳಿಗ್ಗೆ ಊರಿನ ಮಲ್ಲೇಗೌಡರು ಒಂದು ತೆಂಗಿನಕಾಯಿ ಹಿಡಿದುಕೊಂಡು ಬಂದರು. ಅರವತ್ತು ದಾಟಿದ ಮನುಷ್ಯ, ಸುತ್ತ ಏಳು ಹಳ್ಳಿಗೆ ನೀರು ನೋಡಿಕೊಟ್ಟವರು. "ತೋಡಾಕ್ ಮುಂಚೆ ಒಂದ್ಸಲ ಕಾಯಿ ಹಿಡ್ದು ನೋಡ್ಬುಡಾನ ಮೇಷ್ಟ್ರೆ. ಆಯಮ್ಮಂಗೆ ಹೇಳಿ" ಎಂದರು. ಇಂಗಾ ನನ್ನ ಮುಖ ನೋಡಿದಳು. ನನಗೆ ನಾಚಿಕೆಯಾಯಿತು. ಅಷ್ಟು ದೂರದಿಂದ ಬಂದವರೆದುರು ನಮ್ಮವರು ಕಾಯಿ ಹಿಡಿದು ಬಯಲಲ್ಲಿ ಓಡಾಡುವುದೇ? "ಕೆಲಸ ಚೆನ್ನಾಗಿ ಆಗಲಿ ಅಂತ ಹರಸುತ್ತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಇಂಗಾ ಕೈಮುಗಿದಳು. ಅಷ್ಟಕ್ಕೇ ನಿಲ್ಲದೆ, ಸಂತೋಷದಿಂದ ಗೌಡರ ಕೈಯಿಂದ ಆ ಕಾಯಿಯನ್ನು ತೆಗೆದುಕೊಂಡುಬಿಟ್ಟಳು. ಗೌಡರು ಖಾಲಿ ಕೈ ಚಾಚಿಕೊಂಡೇ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ಮಧ್ಯಾಹ್ನ ಆ ಕಾಯಿ ಚಟ್ನಿಯಾಯಿತು. ನಾನೂ ತಿಂದೆ.

ಇಪ್ಪತ್ತಮೂರು ಅಡಿಗೆ ಬಂಡೆ ಸಿಕ್ಕಿತು. ನಾಲ್ಕು ದಿನ ಸುತ್ತಿಗೆ ಹಾಕಿದರು, ಬಂಡೆ ಜಗ್ಗಲಿಲ್ಲ. ಶಿಬಿರ ಮುಗಿಯಲು ಎರಡು ವಾರ ಉಳಿದಿತ್ತು. ಇನ್ನೊಂದು ಜಾಗದಲ್ಲಿ ತೋಡುವುದಾದರೆ ಆಗಲೇ ಶುರುಮಾಡಬೇಕು, ಅದೂ ಒಂದೇ ಸಲ. ಅದೂ ತಪ್ಪಿದರೆ ಎರಡು ಒಣಗುಂಡಿಗಳನ್ನು ಊರಿಗೆ ಬಿಟ್ಟು ಅವರು ಹೋಗಬೇಕು. ಇಂಗಾ ಊಟ ಬಿಟ್ಟಳು. ಗುಂಡಿಯ ಅಂಚಿನಲ್ಲಿ ನಿಂತು ಪುಟ್ಟಮ್ಮ, "ಹೆಸ್ರೇ ಇಂಗಮ್ಮ ಕಣೇ. ನೀರು ಇಂಗ್ದೆ ಇನ್ನೇನು ಮೇಲಕ್ಕೆ ಬಂದಾತಾ?" ಎಂದಳು. ಸುತ್ತಲಿದ್ದವರು ನಕ್ಕರು. ಏನಂದರೆಂದು ಇಂಗಾ ಕೇಳಿದಳು. ಬಿಸಿಲು ಜಾಸ್ತಿ ಅನ್ನುತ್ತಿದ್ದಾರೆ ಎಂದೆ.

ಆದರೆ ಪುಟ್ಟಮ್ಮನಿಗೆ ನನ್ನ ಇಂಗ್ಲಿಷಿನ ಹಂಗಿರಲಿಲ್ಲ. ಅದೇ ಸಂಜೆ ಅವಳು ಅಡುಗೆಮನೆಯಲ್ಲಿ ಒಂದು ಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ನಾಲ್ಕು ಹೆಜ್ಜೆ ನಡೆದಳು. ಇನ್ನೊಂದು ಕೈಯಿಂದ ಅದನ್ನು ಎಬ್ಬಿಸಿ ನಿಲ್ಲಿಸಿದಳು, ನೆಲ ತೋರಿಸಿದಳು, ನೀರು ಕುಡಿದಂತೆ ಮಾಡಿದಳು. ಮಲ್ಲೇಗೌಡರ ಮನೆಯ ಕಡೆ ಬೆರಳು ಮಾಡಿದಳು. ಕೊನೆಗೆ ಚಟ್ನಿ ನೆಕ್ಕಿದಂತೆ ಬೆರಳು ನೆಕ್ಕಿ ಹಣೆ ಚಚ್ಚಿಕೊಂಡಳು. ಇಂಗಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ.

ಅವಳು ಕೂಗಾಡಲಿಲ್ಲ. "ಮುದ್ದೆಯನ್ನು ಅಗಿಯದೆ ನುಂಗಬೇಕು ಅಂತ ಕಲಿಸಿದಿರಿ ಮೇಷ್ಟ್ರೆ. ಮಾತನ್ನೂ ಹಾಗೇ ನುಂಗುತ್ತೀರಿ ಅಂತ ಗೊತ್ತಿರಲಿಲ್ಲ" ಎಂದಳು. ಮೇಷ್ಟ್ರೆ ಎಂಬುದೊಂದನ್ನು ಅವಳು ಕನ್ನಡದಲ್ಲೇ ಹೇಳುತ್ತಿದ್ದಳು. ಆಮೇಲೆ ಹೇಳಿದಳು: "ನಮ್ಮಜ್ಜ ಕವಲಾದ ಕಡ್ಡಿ ಹಿಡಿದು ಹೊಲಗಳಲ್ಲಿ ನೀರು ನೋಡುತ್ತಿದ್ದರು. ನಾನು ಅದನ್ನು ನಂಬಿದವಳಲ್ಲ. ಆದರೆ ಅವರ ಕೈಯಿಂದ ಕಡ್ಡಿ ಕಸಿದು ಒಲೆಗೆ ಹಾಕುವವಳೂ ಅಲ್ಲ. ಇಲ್ಲಿ ಅದನ್ನೇ ಮಾಡಿಸಿದಿರಿ."

ಮಾರನೆಯ ಬೆಳಿಗ್ಗೆ ಇಬ್ಬರೂ ಮಲ್ಲೇಗೌಡರ ಮನೆಗೆ ಹೋದೆವು. ತಪ್ಪು ನನ್ನದು ಎಂದೆ. ಗೌಡರು ಜಗುಲಿಯಿಂದ ಏಳಲಿಲ್ಲ. "ನಮ್ಮ ದಾಯಾದಿ ಮನೇಲಿ ಸಾವಾಗಿ ಮೂರು ದಿನ ಆಗೈತೆ. ಸೂತಕ. ಹನ್ನೊಂದು ಕಳ್ಯಗಂಟ ನಾನು ಕಾಯಿ ಮುಟ್ಟಂಗಿಲ್ಲ" ಎಂದರು. ಅಷ್ಟು ದಿನ ನಮ್ಮಲ್ಲಿರಲಿಲ್ಲ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿ ಇಂಗಾಳ ಮುಖ ಬಿದ್ದುಹೋಯಿತು. ಗೌಡರು ಅದನ್ನು ನೋಡಿದರು. "ನೀವೇ ಹಿಡೀರಿ. ಕೆಲವ್ರ ಕೈಗೆ ಏಳ್ತದೆ, ಕೆಲವ್ರ ಕೈಗೆ ಏಳಾಕಿಲ್ಲ. ನಾನು ದೂರದಲ್ಲಿ ನಿಂತಿರ್ತೀನಿ" ಎಂದವರು, ನಾವು ಮೆಟ್ಟಿಲು ಇಳಿಯುವಾಗ ಸೇರಿಸಿದರು: "ಈ ದಪ ಚಟ್ನಿ ಅರೀಬ್ಯಾಡಿ."

ಹತ್ತು ಗಂಟೆಯ ಬಿಸಿಲು. ಊರೆಲ್ಲ ಶಾಲೆಯ ಬಯಲಿನಲ್ಲಿತ್ತು. ಮೊದಲು ಇಂಗಾ ಹಿಡಿದಳು. ಬಲಗೈ ಮುಂದೆ ಚಾಚಿ, ಜುಟ್ಟು ಬೆರಳುಗಳ ಕಡೆ ಬರುವಂತೆ ಕಾಯಿ ಮಲಗಿಸಿಕೊಂಡು ಇಡೀ ಬಯಲು ನಡೆದಳು. ಕಾಯಿ ಮಲಗಿದ್ದಂತೆಯೇ ಇತ್ತು. ಆಮೇಲೆ ಊರಿನ ಐದಾರು ಜನ ಹಿಡಿದು ನಡೆದರು. ಅವರಿಗೂ ಏಳಲಿಲ್ಲ. ಇಂಗಾ ಕಾಯಿಯನ್ನು ತಂದು ನನ್ನ ಕೈಯಲ್ಲಿಟ್ಟಳು.

ಹೇಳದೆ ಬಿಡುತ್ತಿದ್ದ ಭಾಗ ಇದು. ಕಾಯಿ ಕೈಗೆ ಬಂದಾಗಲೇ ಮೋಸ ಮಾಡುವುದೆಂದು ತೀರ್ಮಾನಿಸಿದ್ದೆ. ಗೌಡರ ಕಾಯಿಯನ್ನು ಕಿತ್ತುಕೊಂಡವನು ನಾನು, ಹಿಂದಕ್ಕೆ ಕೊಡಬೇಕಾದವನೂ ನಾನೇ ಎನಿಸಿತ್ತು. ನೀರು ಬಾರದಿದ್ದರೂ ಈ ಸಲ ತಮ್ಮ ಕಾಯಿ ಹೇಳಿದಲ್ಲೇ ತೋಡಿದೆವು ಎಂಬ ಸಮಾಧಾನ ಊರಿಗೆ ಇರಲಿ ಎಂದುಕೊಂಡೆ. ಬಯಲು ಇಳಿಜಾರಾಗುವ ಮೂಲೆಯಲ್ಲಿ ಒಂದು ಹೊಂಗೆ ಮರ. ಅದರ ಈಚೆ ಮಣ್ಣು ಮೆದು. ಆ ಜಾಗಕ್ಕೆ ಹೋಗಿ ನಿಂತು, ಮಣಿಕಟ್ಟಿನ ಕಡೆಗಿದ್ದ ಕಾಯಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಜುಟ್ಟು ಮೇಲಕ್ಕೆದ್ದಿತು. ಜನ ಗುಜುಗುಜು ಎಂದರು. ಮಲ್ಲೇಗೌಡರು ಎರಡು ಮಾರು ದೂರದವರೆಗೆ ಬಂದು ನಿಂತು ತಗ್ಗಿದ ದನಿಯಲ್ಲಿ ನನಗೆ ಒಂದು ಮಾತು ಹೇಳಿದರು. ಅದೇನೆಂದು ಮುಂದೆ ಬರೆಯುತ್ತೇನೆ, ಏಕೆಂದರೆ ಬಹಳ ವರ್ಷ ಅದು ನನಗೂ ಮರೆತಿತ್ತು. ಅದೇ ಹೊತ್ತಿಗೆ ಶಿಬಿರದ ಯಾರೋ ಕ್ಯಾಮೆರಾ ಕ್ಲಿಕ್ಕಿಸಿದ್ದು ಕೇಳಿಸಿತು. ಗೌಡರು ಏನಂದರು ಎಂದು ಇಂಗಾ ಕೇಳಿದಳು. ಇಲ್ಲೇ ತೋಡಿ ಅಂದರು ಎಂದೆ.

ಮಧ್ಯಾಹ್ನದಿಂದಲೇ ತೋಡಿದರು. ಶಿಬಿರದವರ ಜೊತೆ ಅಷ್ಟು ದಿನ ದಂಡೆಯಲ್ಲಿ ನಿಂತು ನೋಡುತ್ತಿದ್ದ ಊರಿನವರೂ ಗುಂಡಿಗಿಳಿದರು. ಎಂಟನೆಯ ದಿನ, ಹದಿನೇಳು ಅಡಿಯಲ್ಲಿ, ಗುದ್ದಲಿ ಹಾಕಿದ ಕಡೆ ಮಣ್ಣು ಕಪ್ಪಾಯಿತು. ಊಟ ಮುಗಿಸಿ ಬರುವಷ್ಟರಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಪುಟ್ಟಮ್ಮ ಆ ಕೆಸರನ್ನು ಬಾಚಿ ಇಂಗಾಳ ಎರಡು ಕೆನ್ನೆಗೂ ಬಳಿದಳು. ಇಂಗಾ ಅಳುತ್ತಿದ್ದಳೋ ನಗುತ್ತಿದ್ದಳೋ ಕೆಸರಿನಲ್ಲಿ ಗೊತ್ತಾಗಲಿಲ್ಲ.

ಅರಸೀಕೆರೆ ಸ್ಟೇಷನ್ನಿನಲ್ಲಿ ಅವಳನ್ನು ರೈಲು ಹತ್ತಿಸಿದೆ. ನಮ್ಮ ತಂದೆ ಒಂದು ಒಳ್ಳೆಯ ಕಾಯಿ ಕೊಟ್ಟುಕಳಿಸಿದ್ದರು. ಕಿಟಕಿಯ ಒಳಗಿನಿಂದ ಅವಳು ಅದನ್ನು ಅಂಗೈ ಮೇಲೆ ಮಲಗಿಸಿ ನನಗೆ ತೋರಿಸಿದಳು. ಹೆಬ್ಬೆರಳಿನ ವಿಷಯ ಆಗಲೇ ಹೇಳಬೇಕೆಂದು ಬಾಯಿ ತೆರೆದೆ. ರೈಲು ಹೊರಟಿತು ಎಂದು ಬರೆಯಬಹುದು. ನಿಜ ಹೇಳಬೇಕೆಂದರೆ ರೈಲು ಇನ್ನೂ ಐದು ನಿಮಿಷ ನಿಂತಿತ್ತು.

ಆರು ವರ್ಷಗಳಾದ ಮೇಲೆ ನಾರ್ವೆಯಿಂದ ಒಂದು ಲಕೋಟೆ ಬಂತು. ಇಂಗಾ ಈಗ ಮೇಷ್ಟ್ರಮ್ಮ. ಮಕ್ಕಳಿಗೆ ನಮ್ಮ ಬಾವಿಯ ಕಥೆ ಹೇಳುತ್ತಾಳಂತೆ. ಜೊತೆಗೆ ಅಂದಿನ ಫೋಟೋ ಇತ್ತು. ಅದರಲ್ಲಿ ನಾನಿದ್ದೇನೆ. ಜುಟ್ಟು ಆಕಾಶಕ್ಕೆ ಮಾಡಿಕೊಂಡು ಕಾಯಿ ನೆಟ್ಟಗೆ ನಿಂತಿದೆ. ನನ್ನ ಅಂಗೈ ಚಪ್ಪಟೆಯಾಗಿದೆ, ಐದೂ ಬೆರಳು ಅಗಲವಾಗಿ ಹರಡಿವೆ. ಹೆಬ್ಬೆರಳು ಕಾಯಿಗೆ ತಾಗಿಲ್ಲ. ನಾನು ಕಾಯಿಯನ್ನು ನೋಡುತ್ತಿಲ್ಲ, ಬಾಯಿ ತೆರೆದುಕೊಂಡು ಗೌಡರನ್ನು ನೋಡುತ್ತಿದ್ದೇನೆ. ಫೋಟೋದ ಹಿಂದೆ ಇಂಗಾ ಬರೆದಿದ್ದಳು: "ಅಂದು ಗೌಡರು ನಿಮಗೆ ಇನ್ನೂ ಏನೋ ಹೇಳಿದ್ದರು. ನೀವು ಅದನ್ನು ನುಂಗಿದಿರಿ ಅಂತ ಆಗಲೇ ಗೊತ್ತಾಯಿತು. ಏನದು?"

ಆರು ವರ್ಷ ನಾನು ಮೋಸಗಾರ ಎಂದುಕೊಂಡಿದ್ದೆ, ಅದರಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು. ಮೋಸವಾದರೆ ಎಲ್ಲಕ್ಕೂ ಕಾರಣ ಸಿಗುತ್ತದೆ. ಇಳಿಜಾರು, ಮೆದು ಮಣ್ಣು, ಅದೃಷ್ಟ. ಫೋಟೋ ಹಿಡಿದು ಕೂತ ಆ ಮಧ್ಯಾಹ್ನ ಗೌಡರ ಮಾತು ಅವರ ದನಿಯಲ್ಲೇ ಬಂತು. "ಹೆಬ್ಬೆಟ್ಟು ತಗೀರಿ ಮೇಷ್ಟ್ರೆ. ಅದ್ಕೆ ನಿಮ್ ಬಲ ಬ್ಯಾಕಾಗಿಲ್ಲ."

ಫೋಟೋ ನೋಡಿದ್ದರಿಂದ ಈ ಮಾತು ಹುಟ್ಟಿತೋ, ಮೊದಲೇ ಇದ್ದದ್ದು ಎದ್ದು ಬಂತೋ, ನನಗೆ ಗೊತ್ತಿಲ್ಲ. ನೆನಪು ಇಂಥ ಆಟ ಆಡುತ್ತದೆ. ಕೇಳೋಣವೆಂದರೆ ಗೌಡರು ಆಗಲೇ ಇರಲಿಲ್ಲ. ಹಗರೆಗೆ ಬಸ್ಸು ಹತ್ತಿ ಹೋಗಿ ಪುಟ್ಟಮ್ಮನನ್ನು ಕೇಳಿದೆ. ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟುಕೊಂಡು ನಿಂತಿದ್ದಳು. "ನೀರು ಬಂತಲ್ಲ ಮೇಷ್ಟ್ರೆ. ಹೆಬ್ಬೆಟ್ಟು ಕಟ್ಕಂಡು ಏನ್ ಮಾಡೀರಿ? ಬಿಸ್ಲಲ್ಲಿ ಬಂದಿದೀರಿ, ಒಂದ್ ಚೊಂಬು ಕುಡೀರಿ ಮೊದ್ಲು" ಎಂದಳು. ಕುಡಿದೆ. ತಣ್ಣಗಿತ್ತು. ಶಾಲೆಯ ಮಕ್ಕಳು ಸಾಲಾಗಿ ಬಂದು ಕೈ ತೊಳೆಯುತ್ತಿದ್ದರು.

ಮನೆಯಲ್ಲಿ ಎಷ್ಟೋ ಕಾಯಿಗಳನ್ನು ಅಂಗೈ ಮೇಲಿಟ್ಟು ಪರೀಕ್ಷೆ ಮಾಡಿದೆ. ಹೆಬ್ಬೆರಳು ಒತ್ತಿದರೆ ಏಳುತ್ತದೆ, ತೆಗೆದರೆ ಬೀಳುತ್ತದೆ. ಒಂದು ಉರುಳಿ ಮಂಚದಡಿ ಹೋಯಿತು. "ಒಡೆಯೋಕೆ ತಂದಿರೋದು ಕಣ್ರೀ, ಆಡೋಕಲ್ಲ" ಎಂದು ನನ್ನಾಕೆ ಬಗ್ಗಿ ಅದನ್ನು ತೆಗೆದುಕೊಂಡು ಹೋದಳು.

ಕೊನೆಗೆ ಇಂಗಾಳಿಗೆ ಉತ್ತರ ಬರೆದೆ. ಅಂದು ಬಿಸಿಲು ಜಾಸ್ತಿ ಅಂದಿರಲಿಲ್ಲ, ಪುಟ್ಟಮ್ಮ ನಿನ್ನ ಹೆಸರನ್ನು ಆಡಿಕೊಂಡಿದ್ದಳು ಎಂಬಲ್ಲಿಂದ ಶುರುಮಾಡಿ, ನಾನು ನುಂಗಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಇಂಗ್ಲಿಷಿಗೆ ಇಳಿಸಿದೆ. ಹೆಬ್ಬೆರಳಿನ ಮೋಸವನ್ನೂ ಬರೆದೆ, ಗೌಡರು ಅದನ್ನು ಕಂಡುಹಿಡಿದದ್ದನ್ನೂ ಬರೆದೆ. ಆಮೇಲೇನಾಯಿತು ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ವಿಜ್ಞಾನದ ಮೇಷ್ಟ್ರು ಬರೆಯಬಹುದಾದ ವಾಕ್ಯ ಒಂದೂ ಹೊಳೆಯಲಿಲ್ಲ. ಗೊತ್ತಿದ್ದಷ್ಟನ್ನೇ ಬರೆದು ಲಕೋಟೆ ಅಂಟಿಸಿದೆ. ಬೆರಳು ತೆಗೆದೆ. ಕಾಯಿ ನಿಂತೇ ಇತ್ತು.