ಕೊಕ್ಕೆಯೊಳಗಿನ ತುಕ್ಕು

ಇವತ್ತು ಪೀಣ್ಯದ ಗುಜರಿ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ನೆಂದ ತುಕ್ಕಿನ ವಾಸನೆ ಮೂಗಿಗೆ ಬಡಿಯಿತು. ತಕ್ಷಣ ನಾನು ಮತ್ತೆ ಲಂಗ ತೊಟ್ಟ ಹುಡುಗಿಯಾಗಿಬಿಟ್ಟೆ.

ಅಪ್ಪ ಕಾರ್ಖಾನೆಯಲ್ಲಿ ಕ್ರೇನಿನ ಕೊಕ್ಕೆ ಮುರಿದು ತೀರಿಕೊಂಡಿದ್ದರು. ಮನೆಗೆ ಬಂದವರೆಲ್ಲ "ಹಣೆಬರಹ ಕಣಮ್ಮ" ಎನ್ನುತ್ತಿದ್ದರು. ನಾನೂ ನಂಬಿದ್ದೆ.

ನಮ್ಮ ಮಹಡಿ ಮನೆಯ ವಿಮಲಾ ಆಂಟಿ ಲೋಹವಿಜ್ಞಾನಿ. ಸೀರೆಯ ಮೇಲೆ ಲ್ಯಾಬಿನ ನೀಲಿ ಕೋಟು ಹಾಕಿಕೊಂಡೇ ತರಕಾರಿ ತರುತ್ತಿದ್ದರು. ಮುರಿದ ಯಂತ್ರಗಳ ಪರೀಕ್ಷೆ ಅವರ ಕೆಲಸ. ಆ ಕೊಕ್ಕೆಯೂ ಅವರ ಬಳಿಗೇ ಬಂದಿತ್ತು.

"ಆಂಟಿ, ಅದು ಯಾಕೆ ಮುರೀತು?" ಎಂದು ಕೇಳಿದೆ. ಅಮ್ಮ ಗದರಿದರು. ಆಂಟಿ ಮಾತ್ರ ನನ್ನನ್ನು ಲ್ಯಾಬಿಗೆ ಕರೆದೊಯ್ದು, ಕೈಗೆ ಭೂತಗನ್ನಡಿ ಕೊಟ್ಟರು.

"ಈ ಭಾಗ ಹೊಳೀತಿದೆಯಲ್ಲ, ಇದು ಅವತ್ತು ಮುರಿದಿದ್ದು. ಆ ಭಾಗ ಹೇಗಿದೆ?"

"ತುಕ್ಕು ಹಿಡಿದಿದೆ."

"ಒಂದೇ ದಿನಕ್ಕೆ ಅಷ್ಟು ತುಕ್ಕು ಹಿಡಿಯುತ್ತಾ?"

ಬಿರುಕು ಮೊದಲೇ ಇತ್ತು. ಅಪ್ಪ ದಿನವೂ ಅದರ ಕೆಳಗೇ ನಿಂತು ಕೆಲಸ ಮಾಡಿದ್ದರು. ಯಾರೂ ನೋಡಿರಲಿಲ್ಲ.

ಕೆಲವೇ ತಿಂಗಳಲ್ಲಿ ಆಂಟಿ ಆ ಕೆಲಸ ಬಿಟ್ಟು ನಮ್ಮಂಥ ಮಕ್ಕಳಿಗೆ ವಿಜ್ಞಾನ ಕಲಿಸತೊಡಗಿದರು. ಅಷ್ಟು ಒಳ್ಳೆಯ ಕೆಲಸ ಬಿಟ್ಟಿದ್ದೇಕೆಂದು ಅಮ್ಮ ಕೇಳಿದ್ದಕ್ಕೆ, "ಮುರಿದ ಮೇಲೆ ನೋಡಿ ನೋಡಿ ಸಾಕಾಯ್ತು ಕಣ್ರೀ" ಎಂದರು.

ವಯಸ್ಸಾದರೂ ಅವರು ಪಾಠ ಬಿಟ್ಟಿಲ್ಲ. ಹೋದ ವಾರ ಅವರ ತರಗತಿಯಿಂದ ಬಂದ ನನ್ನ ಮಗಳು ಪಾರ್ಕಿನ ಉಯ್ಯಾಲೆಯಿಂದ ಪುಟ್ಟ ಮಕ್ಕಳನ್ನೆಲ್ಲ ಇಳಿಸಿಬಿಟ್ಟಳು. ಬೈಯಲೆಂದು ಹೋದ ನಾನು ಸರಪಳಿಯ ಕೊಂಡಿ ನೋಡಿದೆ. ಅದು ಅರ್ಧ ಸೀಳಿತ್ತು.