ಅಕ್ಕ ಒಗೆದ ಸ್ವೆಟರ್

ನನ್ನ ಅಕ್ಕನ ಕೈ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತಳಾದವಳು. ಯಾವ ಕಲೆಗೆ ತಣ್ಣೀರು, ಯಾವುದಕ್ಕೆ ಬಿಸಿನೀರು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಭಾವ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಅವರು ತೀರಿಕೊಂಡ ಮೂರನೇ ದಿನಕ್ಕೆ ಅವರ ಅಂಗಿ, ಪ್ಯಾಂಟು, ಹೊದಿಕೆ, ದಿಂಬಿನ ಕವರು ಎಲ್ಲವನ್ನೂ ಒಗೆದು, ಇಸ್ತ್ರಿ ಹಾಕಿ, ಬೀರುವಿನಲ್ಲಿ ಜೋಡಿಸಿಟ್ಟಳು. ಬಂದವರೆಲ್ಲ ಗಟ್ಟಿ ಹೆಂಗಸು ಅಂದರು. ನಾನೂ ಅಂದೆ. ನಾನೂ ಒಂಟಿಯೇ ಆಗಿದ್ದರಿಂದ ಆಮೇಲೆ ಅವಳ ಮನೆಗೇ ಬಂದು ಸೇರಿಕೊಂಡೆ. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ನಾನು ಕುಡಿದಿಟ್ಟ ಲೋಟದ ಬಿಸಿ ಆರುವ ಮೊದಲೇ ಅದನ್ನು ತೊಳೆದಿರುತ್ತಾಳೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ತೊಳೆಸಿಕೊಂಡು ಗೋಡೆಗೆ ಒರಗಿರುತ್ತದೆ. "ನನ್ನನ್ನೂ ಹಿಂಡಿ ತಂತಿ ಮೇಲೆ ಹಾಕ್ಬಿಡೇ, ಪೀಡೆ ಕಳೀತು" ಎಂದು ಒಂದು ದಿನ ರೇಗಿದೆ. ರೇಗಿದವಳೇ ದಾರಿಯನ್ನೂ ಹುಡುಕಿದೆ. ಮನೆಯಿಲ್ಲದವರ ಆಶ್ರಯ ಕೇಂದ್ರದಲ್ಲಿ ಬಟ್ಟೆ ಒಗೆಯೋಕೆ, ಅಡುಗೆಗೆ ಜನ ಬೇಕಂತೆ, ಸಂಬಳವಿಲ್ಲ, ಪುಣ್ಯದ ಕೆಲಸ, ವಾರಕ್ಕೊಂದು ದಿನ ಇಬ್ಬರೂ ಹೋಗೋಣ ಅಂದೆ. ಅಕ್ಕನ ಮುಖ ಅರಳಿತು. ನಿಜ ಹೇಳಬೇಕೆಂದರೆ ನನಗೆ ಪುಣ್ಯ ಬೇಕಿರಲಿಲ್ಲ. ಅವಳ ಕೈಗೆ ಬೇರೆಯವರ ಕೊಳೆ ಸಿಕ್ಕಿದರೆ ನನ್ನದು ನನಗೆ ಉಳಿದೀತು ಎಂಬ ಆಸೆ.

ಹೊರಡುವ ದಿನ ಬೆಳಿಗ್ಗೆ ಜಡಿಮಳೆ, ಮೈ ನಡುಗಿಸುವ ಚಳಿ. ಶಾಲು ಹುಡುಕಿದರೆ ಅದು ಪಡಸಾಲೆಯ ತಂತಿಯ ಮೇಲೆ ತೊಟತೊಟ ನೀರು ಸುರಿಸುತ್ತಿತ್ತು.

"ಕೊಳೆಯಾಗಿತ್ತು" ಅಂದಳು ಅಕ್ಕ.

"ಅದು ನನ್ನ ಕೊಳೆ. ಕೇಳಬೇಕು ಅಂತ ಒಂದಿನ ಆದ್ರೂ ಅನಿಸಿದೆಯಾ ನಿನಗೆ?"

ಅಷ್ಟೇ, ಮಾತು ಬಿಟ್ಟೆ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇಳಿಯುವುದು ಮಾತ್ರ ನಿಧಾನ.

ಕೇಂದ್ರವೆಂದರೆ ಹಳೆಯ ಗೋದಾಮು. ಇಪ್ಪತ್ತನಾಲ್ಕು ಕಬ್ಬಿಣದ ಮಂಚ, ತಲೆಯ ಕಡೆ ಬಿಳಿ ಬಣ್ಣದಲ್ಲಿ ನಂಬರು. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಹೊರಗೆ ಹೋಗಬೇಕು, ಸಂಜೆ ಐದಕ್ಕೆ ಬಾಗಿಲು ತೆರೆಯುತ್ತದೆ. ಅಕ್ಕನಿಗೆ ಹಿಂದಿನ ಒಗೆಯುವ ಕೋಣೆ, ನನಗೆ ಅಡುಗೆಮನೆ, ಎದುರಿಗೆ ಒಂದು ಮೂಟೆ ಆಲೂಗಡ್ಡೆ.

ಹತ್ತಾಗುವ ಮೊದಲು, ಸಿಪ್ಪೆ ತೆಗೆಯುತ್ತಿದ್ದಾಗ ಆರನೇ ಮಂಚದವರು ಬಂದು ಎದುರಿಗೆ ಕೂತು, ಕೇಳದೆಯೇ ಒಂದು ಚಾಕು ಎತ್ತಿಕೊಂಡರು. ಛತ್ರಿ ರಿಪೇರಿಯ ಮುದುಕರು, ಎದೆಯಲ್ಲಿ ಕೆಮ್ಮು. ಹೆಂಡತಿ ಹೋಗಿ ಹದಿನಾಲ್ಕು ತಿಂಗಳಾಯಿತು, ಅವಳ ಹಿಂದೆಯೇ ಬಾಡಿಗೆ ಮನೆಯೂ ಹೋಯಿತು ಅಂದರು. ತೊಡೆಯ ಮೇಲೆ ಬಿಗಿಯಾಗಿ ಗಂಟು ಹಾಕಿದ ಒಂದು ನೀಲಿ ಪ್ಲಾಸ್ಟಿಕ್ ಚೀಲ.

"ಇದರಲ್ಲಿ ಏನಣ್ಣ?" ಅಂದೆ.

"ಅವಳ ಸ್ವೆಟರ್. ದಿನಕ್ಕೆ ಒಂದೇ ಸಲ ಬಿಚ್ತೀನಿ, ಮಲಗೋ ಮುಂಚೆ. ಪದೇ ಪದೇ ಬಿಚ್ಚಿದ್ರೆ ಖರ್ಚಾಗಿಹೋಗುತ್ತೆ."

"ಏನು ಖರ್ಚಾಗೋದು?"

"ಅವಳ ವಾಸನೆ" ಅಂದರು. ಹೇಳಿ ನಾಚಿಕೊಂಡರು. "ಚೀಲಕ್ಕೆ ಸಣ್ಣ ತೂತು ಬಿದ್ದಿದೆ ತಾಯಿ. ಈ ಮಳೇಲಿ ಆಸ್ಪತ್ರೆಗೆ ಹೋಗಿ ಬರಬೇಕು, ನೀರು ಹೋದ್ರೆ ಕಷ್ಟ. ದಿಂಬಿನ ಕೆಳಗೆ ಇಟ್ಟು ಹೋಗ್ತೀನಿ. ಸ್ವಲ್ಪ ನೋಡ್ಕೊಳ್ತೀರಾ?"

"ಹೋಗ್ಬನ್ನಿ ಅಣ್ಣ, ನಾನಿದ್ದೀನಲ್ಲ" ಅಂದೆ. ಈ ಬಾಯಿಂದಲೇ ಅಂದೆ.

ಅವರು ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಅಕ್ಕ ಬುಟ್ಟಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು. "ಮಂಚದ ಮೇಲಿರೋದೆಲ್ಲ ಒಗೆಯೋಕೆ ತಗೊಂಡು ಹೋಗ್ತಿದ್ದೀನಿ. ಬಿಡೋದೇನಾದ್ರೂ ಇದೆಯಾ?" ಎಂದು ಕೇಳಿದಳು.

ಜನ್ಮದಲ್ಲಿ ಮೊದಲ ಸಲ ಕೇಳಿದ್ದಳು. ಅಲ್ಲಿ ನಾನಲ್ಲದೆ ಬೇರೆ ಯಾರೂ ಇರಲಿಲ್ಲ. ಆರನೇ ಮಂಚದ ನೆನಪು ನನಗೆ ಬಂತು, ಬರಲಿಲ್ಲ ಎಂದು ಹೇಳಿದರೆ ಪಾಪ ಸುತ್ತಿಕೊಂಡೀತು. ಆದರೆ ಶಾಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಯಾರದೋ ಚೀಲದ ಗಂಟು ಬಿಚ್ಚುವಷ್ಟು ಇವಳಿಗೇನು ಬುದ್ಧಿ ಕೆಟ್ಟಿದೆಯೇ ಅಂದುಕೊಂಡೆ. ಬಾಯಿಗೆ ಬೀಗ ಹಾಕಿಕೊಂಡು ಆಲೂಗಡ್ಡೆಯನ್ನೇ ನೋಡುತ್ತ ಕೂತೆ. ಅಕ್ಕ ಸ್ವಲ್ಪ ಹೊತ್ತು ನಿಂತು ಹೋದಳು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ ಬಂತೆಂದರೆ ಅದು ತೀರಾ ಹೊಲಸಾದ ಬಟ್ಟೆ ಎಂದು ಅರ್ಥವಂತೆ. ಅದನ್ನು ಮೊದಲು ಒಗೆಯಬೇಕು, ಬೇರೆಯಾಗಿ ಒಗೆಯಬೇಕು, ಯಾರದು ಏನು ಎಂದು ಕೇಳಿ ರೋಗಿಯ ಮಾನ ಕಳೆಯಬಾರದು. ಮೂವತ್ತೊಂದು ವರ್ಷ ಅಕ್ಕ ಹಾಗೆಯೇ ಮಾಡಿದ್ದಳು. ಅಂದೂ ಹಾಗೆಯೇ ಮಾಡಿದಳು.

ನಾಲ್ಕೂವರೆಗೆ ಕೈ ಒರೆಸಿಕೊಂಡು ಹಿಂದಿನ ಕೋಣೆಗೆ ಹೋದೆ. ಇಸ್ತ್ರಿ ಮೇಜಿನ ಮೇಲೆ ಅರಿಸಿನ ಬಣ್ಣದ ಒಂದು ಹೆಂಗಸರ ಸ್ವೆಟರ್.

"ನೋಡೇ" ಅಂದಳು ಅಕ್ಕ, ಜಗಳ ಮರೆತು. "ಪಾಪ, ಯಾರೋ ನಾಚಿಕೆಗೆ ಚೀಲದಲ್ಲಿ ಕಟ್ಟಿಟ್ಟಿದ್ರು. ಕತ್ತಿನ ಪಟ್ಟಿ ತುಂಬ ತಲೆ ಎಣ್ಣೆ ಜಿಡ್ಡು. ಮೂರು ನೀರಲ್ಲಿ ಹೋಯ್ತು ನೋಡು. ಬಾಯ್ಲರ್ ಪೈಪಿನ ಮೇಲೆ ಒಣಗಿಸಿದೆ. ಗುಂಡಿ ಒಂದು ಇರಲಿಲ್ಲ, ಅದನ್ನೂ ಹಾಕಿದೆ."

ನಾನು ಆ ಹೊಸ ಗುಂಡಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದೆ.

ಐದಕ್ಕೆ ಬಾಗಿಲು ತೆರೆಯಿತು. ಮುದುಕರು ನೆನೆದುಕೊಂಡು ಬಂದರು. ದಿಂಬು ಎತ್ತಿ ನೋಡಿದರು. ಅಕ್ಕ ಎರಡೂ ಕೈಯಲ್ಲಿ ಸ್ವೆಟರ್ ಹಿಡಿದುಕೊಂಡು, ಬಹುಮಾನ ಕೊಡುವವಳ ಹಾಗೆ ಅವರ ಮುಂದೆ ನಿಂತಳು. ಅವರು ಅದನ್ನು ಇಸಿದುಕೊಂಡು ಮುಖಕ್ಕೆ ಒತ್ತಿದರು. ತಿರುಗಿಸಿ ಮತ್ತೆ ಒತ್ತಿದರು. ಕತ್ತಿನ ಪಟ್ಟಿ ಮೂಸಿದರು, ಕಂಕುಳು ಮೂಸಿದರು, ತೋಳನ್ನು ಒಳಹೊರಗು ಮಾಡಿ ಮೂಸಿದರು.

"ಚೀಲ ಎಲ್ಲಿ ತಾಯಿ?"

ಅಕ್ಕ ಓಡಿಹೋಗಿ ತಂದುಕೊಟ್ಟಳು. ಅವರು ಅದರ ಬಾಯಿ ಅಗಲಿಸಿ ಮುಖವನ್ನು ಒಳಗೆ ಹಾಕಿದರು. ಅಕ್ಕ ಚೀಲವನ್ನೂ ಫಿನಾಯಿಲ್ ಹಾಕಿ ತೊಳೆದಿದ್ದಳು.

ಅವರು ಮಂಚದ ಮೇಲೆ ಕೂತರು. ನನ್ನ ಕಡೆ ಒಂದು ಸಲ ನೋಡಿದರು. ಬೈಯಬಹುದಿತ್ತು, ಇವರಿಗೆ ಹೇಳಿದ್ದೆ ಎಂದು ಬೆರಳು ತೋರಿಸಬಹುದಿತ್ತು. ಏನೂ ಮಾಡಲಿಲ್ಲ. ಅಷ್ಟು ಹೊತ್ತಿಗೆ ಅಕ್ಕನಿಗೆ ತಾನಾಗಿಯೇ ಅರ್ಥವಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದಳು.

"ಅಳಬೇಡಿ ತಾಯಿ" ಅಂದರು ಮುದುಕರೇ. "ಅವಳಿಗೂ ಕೊಳೆ ಕಂಡ್ರೆ ಆಗ್ತಿರಲಿಲ್ಲ." ಆಮೇಲೆ ಚೀಲವನ್ನು ಸಣ್ಣಗೆ ಮಡಚಿ ಅಕ್ಕನ ಕೈಗೇ ವಾಪಸು ಕೊಟ್ಟರು. "ಇದು ಯಾರಿಗಾದ್ರೂ ಬೇಕಾಗುತ್ತೆ, ಕೊಡಿ. ನಂಗಿನ್ನು ಗಂಟು ಹಾಕೋ ಕೆಲಸ ಇಲ್ಲ."

ಬಸ್ಸಿನಲ್ಲಿ ನಾನೇ ಹೋಗಿ ಅಕ್ಕನ ಪಕ್ಕ ಕೂತೆ. "ಯಾರಾದ್ರೂ ಒಂದು ಮಾತು ಹೇಳಬಾರದಿತ್ತಾ" ಎಂದು ಅವಳು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಮನೆಗೆ ಬಂದವಳೇ ಬೀರು ತೆಗೆದಳು. ಭಾವನ ಅಂಗಿಗಳನ್ನು ಒಂದೊಂದಾಗಿ ಮುಖಕ್ಕೆ ಹಿಡಿದು ನೋಡಿದಳು. ದಿಂಬಿನ ಕವರು, ಹೊದಿಕೆ, ಕರವಸ್ತ್ರ ಯಾವುದನ್ನೂ ಬಿಡಲಿಲ್ಲ. ಕೊನೆಗೆ ಬಟ್ಟೆಯ ರಾಶಿಯ ನಡುವೆ ನೆಲದ ಮೇಲೆ ಕೂತುಬಿಟ್ಟಳು.

"ಬರೀ ಸೋಪು ಕಣೇ" ಅಂದಳು. "ಅವರ ವಾಸನೆ ಹೇಗಿತ್ತು? ನಿನಗೇನಾದ್ರೂ ನೆನಪಿದೆಯಾ?"

"ಗ್ರೀಸು" ಅಂದೆ. "ಗ್ರೀಸು, ಬೆವರು."

"ಅದನ್ನೇ ಬೈದು ಬೈದು ತೆಗೆದೆ" ಅಂದಳು. "ದಿನಾ ಬಾಗಿಲಲ್ಲೇ ಅಂಗಿ ಬಿಚ್ಚಿಸ್ತಿದ್ದೆ."

ಪಡಸಾಲೆಯ ತಂತಿಯ ಮೇಲೆ ನನ್ನ ಶಾಲು ಇನ್ನೂ ಹಸಿಯಾಗಿತ್ತು. ಅಕ್ಕ ನನ್ನ ಮುಖ ನೋಡುತ್ತ ಕೇಳಿದಳು, "ಆ ಚೀಲದ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ವೇನೇ?"

"ಇಲ್ಲ ಅಕ್ಕ" ಅಂದೆ. "ಯಾರಿಗೂ ಗೊತ್ತಿರಲಿಲ್ಲ."